ಬಾವಿಗಿಳಿದ ಅರ್ಥಿಂಗ್ ವೈರು

ಮೊದ್ಲು ಆ ಟೀವಿ ಆರಿಸಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ, ಸುಂಕದಕಟ್ಟೇಲಿ ನಮ್ಮ ದೊಡ್ಡಮ್ಮ ಬೋರಮ್ಮನ ವಠಾರದಲ್ಲಿ ನಡೆದದ್ದು. ಎರಡು ಸಾವಿರದ ಮೂರನೇ ಇಸವಿ, ಆಯುಧಪೂಜೆ ರಾತ್ರಿ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ.

ಶಿವಯೋಗಿ ಅಂತ ಒಬ್ಬ ಹುಡುಗ. ಬಾದಾಮಿ ಕಡೆಯವನು, ದೊಡ್ಡಮ್ಮನ ಹಿಂದಿನ ಪೋರ್ಷನ್ನಲ್ಲಿ ಬಾಡಿಗೆಗಿದ್ದ. ಮುಂದಿನ ಮಳಿಗೆಯಲ್ಲಿ ಚಕ್ರಪಾಣಿ ಅನ್ನೋರು ಕಂಪ್ಯೂಟರ್ ಸೆಂಟರ್ ತೆರೀತಿದ್ರು. ವಿಜಯದಶಮಿ ಬೆಳಿಗ್ಗೆ ಓಪನಿಂಗು, ಶಿವಯೋಗಿನೇ ಮೇಷ್ಟ್ರು. ಆದ್ರೆ ಒಂದು ಷರತ್ತಿತ್ತು. ದೊಡ್ಡ ಮಿಷನ್‌ಗೆ ಲಿನಕ್ಸ್ ಹಾಕಬೇಕು, ಅದೇ, ಮಿಷನ್ ನಡೆಸೋ ಸಾಫ್ಟ್‌ವೇರು, ಯುನಿಕ್ಸ್ ಜಾತಿದು, ವಿಂಡೋಸ್ ಅಲ್ಲ. ಮಿಕ್ಕ ಮಿಷನ್‌ಗಳೆಲ್ಲ ಅದರ ಜೊತೆ ಮಾತಾಡೋ ಹಾಗೆ ಮಾಡಬೇಕು. ‘ಬೆಳಿಗ್ಗೆ ಓಡ್ಲಿಲ್ಲ ಅಂದ್ರೆ ಬೇರೆಯವರನ್ನ ಕೂರಿಸ್ತೀನಿ ಕಣಪ್ಪಾ, ಬೇಜಾರು ಮಾಡ್ಕೋಬೇಡ,’ ಅಂದುಬಿಟ್ಟಿದ್ರು ಚಕ್ರಪಾಣಿ. ಹುಡುಗ ಆಗಲೇ ಎರಡು ಕಡೆ ಕೆಲಸ ಕಳ್ಕೊಂಡಿದ್ದ. ಅವನ ತಾಯಿ ಮುತ್ತವ್ವ, ಮಗ ಮೇಷ್ಟ್ರಾದ ಅಂತ ಓಣಿಗೆಲ್ಲ ಸಾರಿ, ಅವನು ಕುರ್ಚೀಲಿ ಕೂರೋದನ್ನ ಕಣ್ಣಾರೆ ನೋಡೋಕೆ ಅಂತಾನೇ ಊರಿಂದ ಬಸ್ಸು ಹತ್ತಿ ಬಂದಿದ್ರು.

ಲಿನಕ್ಸ್ ಏನೋ ಹತ್ತಿತು. ನೆಟ್‌ವರ್ಕ್ ಕಾರ್ಡನ್ನ ಮಾತ್ರ ಅದು ಗುರುತೇ ಹಿಡೀಲಿಲ್ಲ. ಅಂಗೈಯಗಲದ ಹಸಿರು ಹಲಗೆ ಅಷ್ಟೆ, ಅದಿಲ್ಲದೆ ಮಿಷನ್‌ಗೆ ಕಿವಿನೂ ಇಲ್ಲ, ಬಾಯೂ ಇಲ್ಲ. ಕೊನೆಗೆ ಕಂಪ್ಯೂಟರ್ ಸಾಮಾನು ಮಾರೋ ಎಸ್.ಪಿ. ರೋಡಲ್ಲಿದ್ದ ಸ್ನೇಹಿತನ ಕೈಕಾಲು ಹಿಡಿದು ಲಿನಕ್ಸ್‌ಗೆ ಒಗ್ಗೋ ಹಳೇ ಕಾರ್ಡೊಂದನ್ನ ತಂದ. ಮಾಗಡಿ ರೋಡಲ್ಲಿ ಬಸ್ಸಿಳಿದಾಗ ಅಂಗಡಿಗಳೆಲ್ಲ ಮುಚ್ಚಿದ್ವು. ರಸ್ತೆ ತುಂಬ ಒಡೆದ ಬೂದುಗುಂಬಳ.

ವಠಾರದ ಒಳಗೆ ಹೋಗೋಕೆ ಹಳೇ ಬಾವಿ ಪಕ್ಕಾನೇ ದಾರಿ. ನೀರು ಬತ್ತಿ ಯಾವ ಕಾಲವೋ ಆಗಿತ್ತು, ಮೇಲೆ ಚಪ್ಪಡಿ ಎಳೆದಿದ್ರು. ಸೆಂಟರ್‌ಗೆ ಅರ್ಥಿಂಗ್, ಅಂದ್ರೆ ಸೋರಿದ ಕರೆಂಟನ್ನ ನೆಲಕ್ಕಿಳಿಸೋ ವೈರು, ಬೇಕು ಅಂದಾಗ ಆ ಎಲೆಕ್ಟ್ರಿಷಿಯನ್ ಮಹಾಶಯ ಗುಂಡಿ ತೋಡೋಕೆ ಸೋಮಾರಿತನ ಮಾಡಿ, ಚಪ್ಪಡಿ ಸಂದೀಲಿ ತಾಮ್ರದ ವೈರನ್ನ ತಳದವರೆಗೂ ಇಳಿಬಿಟ್ಟಿದ್ದ. ಬೇಡ ಕಣೋ ಅಂತ ದೊಡ್ಡಮ್ಮ ಬಾಯಿ ಬಡ್ಕೊಂಡ್ರೂ ಕೇಳ್ಲಿಲ್ಲ.

ಶಿವಯೋಗಿ ಆ ಬಾವಿ ದಾಟ್ತಾ ಇದ್ದ ಹಾಗೆ... ಡುಬುಕ್.

ನಿಂತ. ಬತ್ತಿದ ಬಾವಿ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ... ಡುಬುಕ್.

ಜಗಲಿ ಮೇಲೆ ದೊಡ್ಡಮ್ಮ ಮುತ್ತವ್ವಂಗೆ ಪಿಸುಮಾತಲ್ಲಿ ಹೇಳ್ತಾ ಕೂತಿದ್ರು. “ರಾತ್ರಿ ಹೊತ್ತು ಯಾರಾದ್ರೂ ಕರೆದ್ರೆ ಓ ಅನ್ಬೇಡಿ. ಮೂರು ಸಲ ಕರೆಯೋವರೆಗೂ ಕಾಯಿರಿ. ಬಾವಿ ಕಡೆಯಿಂದ ಕರೆದ್ರೆ ನೂರು ಸಲ ಆದ್ರೂ ಬೇಡ.”

“ನನ್ನ ಮಗಾನ ಕರದ್ರೂ ಓ ಅನಬಾರದೇನ್ರಿ ಯಕ್ಕಾ?”

“ಮಗ ಆದ್ರೆ ಎದುರಿಗೆ ಬಂದು ಕರೀತಾನೆ.”

ಶಿವಯೋಗೀನ ನೋಡಿ ಮುತ್ತವ್ವ ಎದ್ದರು. “ಉಣ್ಣಬಾರೋ ಯಪ್ಪಾ, ರೊಟ್ಟಿ ಮಾಡೀನಿ.”

“ಆಮ್ಯಾಲ ಉಣ್ತೀನಿ, ನೀ ಮಲಗು ಬೇ,” ಅಂತ ಸೆಂಟರ್ ಒಳಗೆ ಹೋಗಿ ಷಟರ್ ಎಳ್ಕೊಂಡ.

ದೊಡ್ಡ ಮಿಷನ್ ಮೇಲೆ ಸಂಜೆ ಪೂಜೆಯ ವಿಭೂತಿ ಇನ್ನೂ ಹಸಿ ಇತ್ತು. ಆ ಮಿಷನ್ನನ್ನೇ ಬಿಚ್ಚಿದ. ಮೂಲೆಯ ಸಣ್ಣ ಮಿಷನ್‌ಗೆ ಲಿನಕ್ಸ್ ತಕರಾರಿಲ್ಲದೆ ಹತ್ತಿತ್ತು, ಅದರಲ್ಲಿ ಪಿಂಗ್ ಹಾಕಿಟ್ಟ. ಪಿಂಗ್ ಅಂದ್ರೆ ಗೊತ್ತಾಯ್ತಾ? ಒಂದು ಮಿಷನ್ ಇನ್ನೊಂದನ್ನ ‘ಇದೀಯಾ?’ ಅಂತ ಕರೆಯೋದು. ಅದು ‘ಇದೀನಿ’ ಅಂದ್ರೆ ಈ ಕಡೆ ಪೀಂ ಅಂತ ಶಬ್ದ ಬರೋ ಹಾಗೆ ಮಾಡಿದ್ದ. ಕಾರ್ಡು ಹತ್ತಿದ ತಕ್ಷಣ ತಿಳೀಲಿ ಅಂತ. ಉತ್ತರ ಬರಲಿ ಬಿಡಲಿ, ಅದು ಬಿಡದೆ ಕರೀತಾನೇ ಇರುತ್ತೆ. ಇದೀಯಾ... ಇದೀಯಾ... ಇದೀಯಾ...

ತಂದಿದ್ದ ಕಾರ್ಡು ಸಿಕ್ಕಿಸಿ ಆನ್ ಮಾಡಿದ. ಫ್ಯಾನು ರೊಯ್ಯ್ ಅಂತು. ಡಿಸ್ಕು ಕಟರ್ ಕಟರ್ ಅಂತು. ಸ್ಕ್ರೀನ್ ಮೇಲೆ ಸಾಲುಗಳು ಸರಸರ ಓಡಿ, ಕಾರ್ಡಿನ ಹತ್ರ ಬಂದು ನಿಂತವು. ಸಿಗಲಿಲ್ಲ.

ಮೇಲಿನ ಸ್ಲಾಟಿಂದ ಕೆಳಗಿನ ಸ್ಲಾಟಿಗೆ ಹಾಕಿದ. ಸಿಗಲಿಲ್ಲ. ಸೌಂಡ್ ಕಾರ್ಡು ಅಡ್ಡ ಬರ್ತಿದೆಯೇನೋ ಅಂತ ಅದನ್ನ ಕಿತ್ತ. ಬಯೋಸ್‌ಗೆ ಹೋಗಿ ಮಿಷನ್ನಿನ ಮೂಲ ಸೆಟ್ಟಿಂಗಲ್ಲಿ ಬೇಡದ್ದನ್ನೆಲ್ಲ ಮುಚ್ಚಿದ. ಕಾರ್ಡಿನ ಹಲ್ಲನ್ನ ಪೆನ್ಸಿಲ್ ರಬ್ಬರಲ್ಲಿ ಉಜ್ಜಿದ. ಕಾರ್ಡು ನಡೆಸೋ ಪ್ರೋಗ್ರಾಮು, ಆ ಡ್ರೈವರನ್ನ, ಫ್ಲಾಪಿಯಿಂದ ಮತ್ತೆ ತುಂಬಿದ, ಕರ್ರ್... ಕಟ್... ಕರ್ರ್. ಸಿಗಲಿಲ್ಲ, ಸಿಗಲಿಲ್ಲ, ಸಿಗಲಿಲ್ಲ. ಬೆರಳು ಕುಯ್ದು ರಕ್ತ ಬರ್ತಿತ್ತು, ಅದೂ ಗೊತ್ತಾಗಲಿಲ್ಲ ಅವನಿಗೆ. ಮಾಡೋಕೆ ಇನ್ನೇನೂ ಉಳಿದಿರಲಿಲ್ಲ. ಬೆಳಗಾದ್ರೆ ತಾಯಿ ಎದುರಿಗೇ ಚಕ್ರಪಾಣಿ ‘ಏಳಪ್ಪಾ’ ಅಂತಾರೆ. ಊರಿಗೆ ಹೋಗಿ ಆಕೆ ಓಣಿಯವರಿಗೆ ಏನು ಹೇಳಬೇಕು?

ಕಾರ್ಡನ್ನ ಕಿತ್ತು ಮೇಜಿನ ಮೇಲೆ ಎಸೆದ. ಮಿಷನ್ ಸುಮ್ನೆ ಆನ್ ಮಾಡಿ, ತಲೆ ಅದರ ತಗಡಿಗೆ ಒರಗಿಸಿ, ಸಣ್ಣ ಮಗೂ ಥರ ಅತ್ತುಬಿಟ್ಟ.

“ಯವ್ವಾ... ನನ್ನ ಕೈಲೆ ಆಗವಲ್ದು ಬೇ... ಅದೀಯೇನಬೇ ಯವ್ವಾ...”

ದೂರದಲ್ಲೆಲ್ಲೋ... ಡುಬುಕ್.

ಆಮೇಲೆ... ಪೀಂ.

ತಲೆ ಎತ್ತಿದ. ಪೀಂ. ಮೂಲೆಯ ಸ್ಕ್ರೀನಲ್ಲಿ ಉತ್ತರದ ಸಾಲು. ಪೀಂ. ಇನ್ನೊಂದು. ಮುಳುಗೋನಿಗೆ ಹುಲ್ಲುಕಡ್ಡಿ ಸಿಕ್ರೆ ಅದು ಯಾವ ಹುಲ್ಲು ಅಂತ ಕೇಳ್ತಾನಾ? ಕಾರ್ಡು ಮತ್ತೆ ಸಿಕ್ಕಿಸಿರಬೇಕು ನಾನು, ನೆನಪಿಲ್ಲ ಅಷ್ಟೆ ಅಂದ್ಕೊಂಡ. ತಗಡು ಮುಚ್ಚಿದ. ಅದಕ್ಕೆ ಕೈಮುಗಿದ. ಆ ಪೀಂ ಪೀಂ ಕೇಳ್ತಾ ಅಲ್ಲೇ ನೆಲದ ಮೇಲೆ ನಿದ್ದೆ ಹೋದ.

ಬೆಳಿಗ್ಗೆ ತೋರಣ, ಕಾಯಿ, ಮಂಗಳಾರತಿ. ಚಕ್ರಪಾಣಿಗೆ ಖುಷಿಯೋ ಖುಷಿ. “ಭೇಷ್ ಕಣಯ್ಯಾ! ಕೂತ್ಕೋ, ಕೂತ್ಕೋ,” ಅಂತ ಭುಜ ಹಿಡಿದು ಕುರ್ಚಿಗೆ ಕೂರಿಸಿದ್ರು. ಶಿವಯೋಗಿ ಕತ್ತು ತಿರುಗಿಸಿ ನೋಡಿದ. ಬಾಗಿಲಲ್ಲಿ ತಾಯಿ ಇಲ್ಲ. ಸ್ನಾನಕ್ಕೆ ಹೋಗಿರ್ಬೇಕು, ಬರ್ತಾಳೆ ಅಂದ್ಕೊಂಡ.

ದೊಡ್ಡಮ್ಮ ಕುಂಕುಮದ ಬಟ್ಟಲು ಹಿಡ್ಕೊಂಡು ಒಂದೊಂದಕ್ಕೂ ಬೊಟ್ಟಿಡ್ತಾ ಬಂದ್ರು. “ಇದೇನಪ್ಪಾ ಈ ಹಸಿರು ಹಲಗೆ ಇಲ್ಲಿ ಬಿದ್ದಿದೆ? ಇದಕ್ಕೂ ಇಡ್ಲಾ?”

ಮೇಜಿನ ಮೇಲೆ ಕಾರ್ಡು.

ಶಿವಯೋಗಿ ಮಿಷನ್ ಹಿಂದಕ್ಕೆ ಬಗ್ಗಿದ. ಸ್ಲಾಟು ಖಾಲಿ. ನೆಟ್‌ವರ್ಕ್ ಕೇಬಲ್ಲು ಕೆಳಗೆ ಜೋತಾಡ್ತಿದೆ. ಕರೆಂಟು ಮತ್ತು ಬಾವಿಗಿಳಿದ ಆ ಅರ್ಥಿಂಗು ಬಿಟ್ಟು ಹೊರಗಿನ ಒಂದು ಎಳೆನೂ ಮಿಷನ್ನಿಗೆ ತಗುಲಿಲ್ಲ. ಮೂಲೇಲಿ ಮಾತ್ರ ಪೀಂ... ಪೀಂ... ಪೀಂ...

“ಯವ್ವಾ!” ಅಂತ ಹೊರಗೆ ಓಡಿದ.

ಮುತ್ತವ್ವ ಬಾವಿ ಚಪ್ಪಡಿ ಮೇಲೆ ಕೂತಿದ್ರು. ರಾತ್ರಿಯ ಮಂಜಿಗೆ ಸೀರೆ ತೊಯ್ದಿತ್ತು. ಮುಖ ಆ ಸಂದಿಗೆ ಬಾಗಿತ್ತು. ದನಿ ಇಲ್ಲ, ತುಟಿ ಮಾತ್ರ ಆಡ್ತಿತ್ತು. ಸೆಂಟರ್ ಒಳಗಿಂದ ಪೀಂ... ಇಲ್ಲಿ ತುಟಿ. ಪೀಂ... ತುಟಿ. ಒಂದೂ ತಪ್ಪಲಿಲ್ಲ.

ಎದ್ನೋ ಬಿದ್ನೋ ಅಂತ ಒಳಗೆ ಓಡಿ ಪಿಂಗ್ ನಿಲ್ಲಿಸಿದ. ಪೀಂ ನಿಂತಿತು. ವಾಪಸ್ಸು ಬಂದು ತಾಯೀನ ತಬ್ಕೊಂಡ. ಆಕೆ ಮಗನ ಮುಖ ಸವರಿ ಏನೋ ಅಂದ್ರು. ದನಿ ಬರಲಿಲ್ಲ, ತುಟಿ ನೋಡಿನೇ ತಿಳ್ಕೊಂಡ ಅವನು.

“ರಾತ್ರಿಯೆಲ್ಲಾ ಕರದಿ... ನಾ ಓ ಅಂದೆ. ಈಗ್ಯಾಕ ನಿಲ್ಲಿಸಿದೆಪ್ಪಾ?”

ಆವತ್ತೇ ಸಂಜೆ ತಾಯೀನ ಕರ್ಕೊಂಡು ಊರಿಗೆ ಹೋದವನು ಈ ಕಡೆ ತಿರುಗಿ ನೋಡಲಿಲ್ಲ. ಮಗ ಕುರ್ಚೀಲಿ ಕೂತಿದ್ದನ್ನ ಆಕೆ ನೋಡಲೇ ಇಲ್ಲ. ಗಂಟಲಲ್ಲಿ ಏನೂ ತೊಂದ್ರೆ ಇಲ್ಲ ಅಂದ್ರಂತೆ ಡಾಕ್ಟ್ರು. ದನಿ ಮಾತ್ರ ಮತ್ತೆ ಬರಲಿಲ್ಲ.

ಯಾಕೆ ಹಾಗೆ ನೋಡ್ತೀರಾ? ಸುಳ್ಳು ಹೇಳಿ ನನಗೇನಾಗ್ಬೇಕು? ಆ ಕಾರ್ಡು ಈಗಲೂ ದೊಡ್ಡಮ್ಮನ ದೇವರ ಗೂಡಲ್ಲಿದೆ, ಕುಂಕುಮದ ಬೊಟ್ಟಿನ ಸಮೇತ. ಬೇಕಾದ್ರೆ ನಾಳೆ ಬನ್ನಿ, ತೋರಿಸ್ತೀನಿ. ಹಗಲು ಹೊತ್ತಲ್ಲಿ ಬನ್ನಿ.