ಅವಳ ಕೀಬೋರ್ಡಿನ ಸದ್ದು

ಇದು ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಅವರಿವರ ಬಾಯಲ್ಲಿ ಕೇಳಿದ್ದಲ್ಲ, ಅವನೇ ಕೂತು ಹೇಳಿದ್ದು.

ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಸತ್ತುಬಿದ್ದ ಮೆಷಿನ್‌ಗಳಿಗೆ ಜೀವ ಬರಿಸುತ್ತಾನೆಂದು ಬೀದಿಯವರೆಲ್ಲ ಅವನನ್ನು ಡಾಕ್ಟರ್ ಅಂತಲೇ ಕರೆಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಯಾರಾದರೂ ಹಾಗೆ ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಆ ರಾತ್ರಿ ಅಂಗಡಿ ಮುಚ್ಚಿ, ಅಂಗಡಿಯ ಲ್ಯಾಪ್‌ಟಾಪನ್ನೂ ಒಂದು ಖಾಲಿ ಹಾರ್ಡ್ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟ. ಓಣಿಯ ತಿರುವಿನಲ್ಲಿ ಹಳೇ ಬಾವಿಯೊಂದಿದೆ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದನ್ನು ದಾಟುವಾಗ ಒಳಗಿನಿಂದ... ಟಕ್. ಟಕ್ ಟಕ್. ನೀರು ತೊಟ್ಟಿಕ್ಕಿದ ಹಾಗೆ. ಸ್ವಲ್ಪ ಮುಂದೆ ಹೋದ ಮೇಲೆ ಹೊಳೆಯಿತು... ಆ ಬಾವಿ ಬತ್ತಿ ಎಷ್ಟೋ ಕಾಲವಾಗಿದೆ.

ಅವನು ಹೆಜ್ಜೆ ಚುರುಕು ಮಾಡಿದ.

ಮಗಳು ಇನ್ನೂ ಎಚ್ಚರವಾಗಿದ್ದಳು. "ಇವತ್ತಾದ್ರೂ ಅಮ್ಮನ ಕಂಪ್ಯೂಟರ್ ನಂಗೆ ಸರಿಮಾಡಿ ಕೊಡ್ತೀಯಾ ಅಪ್ಪ?"

"ಕೊಡ್ತೀನಿ ಪುಟ್ಟಿ, ಮಲಗು."

"ಅಮ್ಮ ಹೇಳ್ತಿದ್ದಿದ್ದು ಸರೀನೇ. ಬೇರೆಯವರ ಮೆಷಿನ್ ಎಲ್ಲಾ ಇವತ್ತು, ನಮ್ಮನೇದು ಮಾತ್ರ ನಾಳೆ."

ಅವನಿಗೆ ನಗು ಬಂತು. ಅವಳಿಗೆ ಹೊದಿಕೆ ಹೊದಿಸಿ ಕಂಪ್ಯೂಟರಿದ್ದ ಕೋಣೆಗೆ ಹೋದ.

ಹೆಂಡತಿ ಮನೆಯಲ್ಲೇ ಕೂತು ಆ ಕಂಪ್ಯೂಟರಿನಲ್ಲಿ ಪುಸ್ತಕಗಳನ್ನು ಟೈಪ್ ಮಾಡಿ ಪುಟ ಜೋಡಿಸಿ ಕೊಡುತ್ತಿದ್ದಳು. ಕಾಯಿಲೆ ಜೋರಾದ ಮೇಲೆ, ನಿದ್ದೆ ಬಾರದಾಗಲೆಲ್ಲ ಅದರ ಮುಂದೆ ಕೂತು ತನ್ನ ಪಾಡಿಗೆ ತಾನು ಏನೋ ಬರೆದುಕೊಳ್ಳುತ್ತಿದ್ದಳು. ಕೊನೆಗೆ ಅವನ ಕೈ ಹಿಡಿದು ಹೇಳಿದ್ದಳು: "ನಾನು ಹೋದ್ಮೇಲೆ ಅದನ್ನ ಪೂರ್ತಿ ಅಳಿಸಿ, ಎಲ್ಲಾ ಹೊಸದಾಗಿ ಹಾಕಿ ಮಗಳಿಗೆ ಕೊಡಿ. ಒಳಗಿರೋದನ್ನ ಓದ್ಬೇಡಿ. ಅದು ನನ್ನ ನರಳಾಟ ಕಣ್ರೀ. ನಿಮ್ಮನ್ನೂ ಬೈದಿದ್ದೀನಿ. ಓದಿದ್ರೆ ಬದುಕಿರೋವರೆಗೂ ಕೊರಗ್ತೀರಿ."

ಅವನು ಮಾತು ಕೊಟ್ಟಿದ್ದ.

ಆದರೆ ಕಸುಬಿನ ಒಂದು ಅಭ್ಯಾಸವಿತ್ತಲ್ಲ. ಒಳಗೆ ಬೇಕಾದ್ದು ಏನೂ ಇಲ್ಲ, ಅಳಿಸಿ ಅಂತ ಗಿರಾಕಿ ಆಣೆ ಮಾಡಿದರೂ ಅವನು ಮೊದಲು ಸದ್ದಿಲ್ಲದೆ ಒಂದು ನಕಲು ತೆಗೆದಿಡುತ್ತಿದ್ದ. ಹಾಗೆ ಆಣೆ ಮಾಡಿದವರೇ ಆಮೇಲೆ ಮುಖ ಸಣ್ಣದು ಮಾಡಿಕೊಂಡು ಬರುತ್ತಾರೆ, ಮಗುವಿನ ಫೋಟೋ ಅದರಲ್ಲಿತ್ತು ಅಂತ. ಆ ರಾತ್ರಿಯೂ ಹಾಗೇ ಮಾಡಿದ. ಓದುವುದಿಲ್ಲ, ಸುಮ್ಮನೆ ಇರಲಿ ಎಂದು ತನಗೆ ತಾನೇ ಹೇಳಿಕೊಂಡು ನಕಲನ್ನು ತಂದಿದ್ದ ಡಿಸ್ಕಿಗೆ ಇಳಿಸಿದ. ಅದನ್ನು ಬೀರುವಿನಲ್ಲಿ ಅವಳ ಸ್ವೆಟರಿನ ಕೆಳಗೆ ಇಟ್ಟ. ಆಮೇಲೆ ಕಂಪ್ಯೂಟರನ್ನು ಪೂರ್ತಿ ಅಳಿಸಿ, ಎಲ್ಲವನ್ನೂ ಹೊಸದಾಗಿ ಹಾಕಿದ. ಫ್ಯಾನು ಗುಂಯ್ ಎಂದು ತಿರುಗಿತು. ಕಂಪ್ಯೂಟರ್ ಬಳಸುವವರು ಯಾರು, ಹೆಸರು ಬರೆಯಿರಿ ಎಂದು ಪರದೆ ಕೇಳಿತು. ನೀರು ಕುಡಿದು ಬಂದು ಮಗಳ ಹೆಸರು ಹಾಕೋಣವೆಂದು ಅಡುಗೆಮನೆಗೆ ಹೋದ.

ಟಕ್ ಟಕ್ ಟಕ್ ಟಕ್... ಡಬ್.

ಲೋಟ ಕೈಯಲ್ಲೇ ಉಳಿಯಿತು. ಬಾವಿಯೊಳಗೆ ಕೇಳಿದ್ದೂ ಇದೇ ಸದ್ದು.

ಆ ಕೀಬೋರ್ಡಿನ ಸ್ಪೇಸ್ ಬಾರ್ ಸಡಿಲವಾಗಿತ್ತು. ಅವಳು ಅದನ್ನು ಹೆಬ್ಬೆರಳಿನಿಂದ ಗುದ್ದುತ್ತಿದ್ದಳು. ಪದ ಮುಗಿದಾಗಲೆಲ್ಲ... ಡಬ್.

"ಪುಟ್ಟೀ?" ಎಂದ ಮೆಲ್ಲಗೆ. ಮಗಳು ಹಾಸಿಗೆಯಲ್ಲಿ ಗಾಢನಿದ್ದೆಯಲ್ಲಿದ್ದಳು. ಕೋಣೆಗೆ ಬಂದು ನೋಡಿದರೆ ಕುರ್ಚಿ ಖಾಲಿ. ಕನ್ನಡ ಬರೆಯುವ ಅನುಕೂಲವನ್ನು ಅವನು ಇನ್ನೂ ಹಾಕಿರಲೇ ಇಲ್ಲ. ಆದರೂ ಹೆಸರು ಬರೆಯುವ ಜಾಗದಲ್ಲಿ ಕನ್ನಡವಿತ್ತು.

ನಕಲನ್ನೂ ಅಳಿಸ್ರೀ

ಅವನಿಗೆ ಹೆದರಿಕೆಯಾಗಲಿಲ್ಲವಂತೆ. ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು ಕೂತ.

"ಓದಲ್ಲ ಕಣೇ," ಎಂದು ಪಿಸುಗುಟ್ಟಿದ.

ಪರದೆಯ ಮೇಲಿನ ಅಕ್ಷರ ಹಾಗೇ ಇತ್ತು.

"ನಿಂದು ಅಂತ ನಂಗೆ ಇನ್ನೇನಿದೆ? ಬೈದಿರೋದಾದ್ರೂ ಇರ್ಲಿ. ಬೈಯೋಕೆ ನೀನಿಲ್ವಲ್ಲ."

ಡಬ್... ಡಬ್... ಡಬ್...

ಅಕ್ಷರವಿಲ್ಲ. ಬರೀ ಸ್ಪೇಸ್ ಬಾರ್ ತಾನಾಗಿ ತಗ್ಗುತ್ತಿತ್ತು, ಏಳುತ್ತಿತ್ತು. ಬರೆಯುತ್ತಾ ಅಳು ಬಂದರೆ ಅವಳು ಹೀಗೇ ಮಾಡುತ್ತಿದ್ದಳು. ಪದ ಸಿಗದೆ ಖಾಲಿ ಜಾಗವನ್ನೇ ಒತ್ತುತ್ತಾ ಹೋಗುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಮಲಗಿ ಎಷ್ಟೋ ರಾತ್ರಿ ಅವನು ಅದನ್ನು ಕೇಳಿದ್ದ. ಎದ್ದು ಹೋಗಿರಲಿಲ್ಲ.

ಈಗ ಎದ್ದ. ಸ್ವೆಟರಿನ ಕೆಳಗಿದ್ದ ಡಿಸ್ಕನ್ನು ತಂದು ಅಂಗಡಿಯ ಲ್ಯಾಪ್‌ಟಾಪಿಗೆ ಜೋಡಿಸಿದ. ಒಳಗಿದ್ದ ಒಂದನ್ನೂ ತೆರೆಯಲಿಲ್ಲ. ಅಳಿಸಲೇ ಎಂದು ಅದು ಕೇಳಿತು. ಕಣ್ಣು ಮಂಜಾಗಿ ಗುಂಡಿ ಕಾಣಲಿಲ್ಲ, ತಡವಿ ಒತ್ತಿದ. "ಆಯ್ತು ಕಣೇ," ಎಂದ. "ಅಳಬೇಡ."

ಸದ್ದು ನಿಂತಿತು. ಹೆಸರಿನ ಜಾಗ ಖಾಲಿಯಾಗಿತ್ತು. ಅವನು ಮಗಳ ಹೆಸರು ಬರೆದ.

ಬೆಳಿಗ್ಗೆ ಮಗಳು ಕಂಪ್ಯೂಟರ್ ಮುಂದೆ ಕೂತವಳು ಕೂಗಿದಳು. "ಅಪ್ಪ, ಇದೇನು ಹೀಗೆ ಮಾಡಿಟ್ಟಿದ್ದೀಯ? ಮೌಸ್ ಉಲ್ಟಾ ಆಗಿದೆ."

ನೋಡಿದರೆ ನಿಜ. ಮೌಸಿನ ಎಡಗುಂಡಿಯ ಕೆಲಸ ಬಲಕ್ಕೆ ಹೋಗಿತ್ತು, ಬಲದ್ದು ಎಡಕ್ಕೆ. ಅವನು ಅದನ್ನು ಮುಟ್ಟಿರಲೇ ಇಲ್ಲ. ಹೆಂಡತಿ ಎಡಚಿ. ತನ್ನ ಕೈಗೆ ಒಗ್ಗುವಂತೆ ಹಾಗೆ ಬದಲಾಯಿಸಿಕೊಂಡಿದ್ದಳು, ಆದರೆ ಅದೂ ಮಿಕ್ಕಿದ್ದರ ಜೊತೆಗೇ ಅಳಿಸಿಹೋಗಿತ್ತು.

ಅವನು ಅದನ್ನು ಸರಿಮಾಡಲು ಹೋಗಲಿಲ್ಲ. ಮಗಳು ಈಗ ಎಡಗೈಯಲ್ಲೇ ಮೌಸ್ ಹಿಡಿಯುತ್ತಾಳೆ. ನಂಬದಿದ್ದರೆ ಹೋಗಿ ನೋಡಿ. ನಾನೂ ಆ ಕುರ್ಚಿಯಲ್ಲಿ ಕೂತು ಆ ಮೌಸನ್ನು ಒತ್ತಿ ನೋಡಿದವಳೇ.