ಕರೆಯಲು ಯಾರು ಹೋಗಬೇಕು?

ಬೆಲ್ಲದ ವ್ಯಾಪಾರದಲ್ಲಿ ಕೈತುಂಬ ಗಳಿಸಿದ ಸಾಹುಕಾರನೊಬ್ಬ ಒಂದು ಊರಿನಲ್ಲಿದ್ದ. ಅವನಿಗೆ ಹೆಸರು ನಾನು ಇಡುವುದಿಲ್ಲ. ಕೇಳುತ್ತಾ ಹೋದಂತೆ ನಿಮ್ಮಲ್ಲಿ ಕೆಲವರು ತಮ್ಮ ಹೆಸರನ್ನೇ ಇಟ್ಟುಕೊಂಡಾರು.

ಅವನಿಗೊಬ್ಬಳು ಅಕ್ಕ. ತಾಯಿ ಹೊಲದ ಕೂಲಿಗೆ ಹೋದರೆ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾಗರ ಪಂಚಮಿಯ ಜೋಕಾಲಿಯಲ್ಲಿ ಇಬ್ಬರೂ ಎದುರುಬದುರು ನಿಂತು, ಬೇವಿನ ಟೊಂಗೆ ಕಿರುಗುಡುವಂತೆ ಜೀಕಿದವರು. ಆ ದಿನಗಳ ಮಾತೆತ್ತಿದರೆ ಸಾಕು, ಸಾಹುಕಾರನ ಮುಖ ಅರಳುತ್ತಿತ್ತು. ಮಕ್ಕಳಿಗೆ ಹೇಳಿದ, ಅಂಗಡಿಯ ಗುಮಾಸ್ತರಿಗೂ ಹೇಳಿದ. ನೋಡಿ, ಎಲ್ಲರಿಗೂ ಹೇಳಿದ. ಅಕ್ಕನ ಮನೆಗೆ ಮಾತ್ರ ಹೋಗಲಿಲ್ಲ.

ಪ್ರೀತಿ ಇರಲಿಲ್ಲವೇ? ಇತ್ತು. ಪಂಚಮಿ ಬಂತೆಂದರೆ ಅಕ್ಕನನ್ನು ಕರೆತರಲು ಕಾರು ಹೊರಡುತ್ತಿತ್ತು. ಒಳಗೆ ಸೀರೆ, ಹಣ್ಣು, ಡ್ರೈವರ್. ಅಷ್ಟೇ. ಸಂಜೆ ಖಾಲಿ ಕಾರು ತಿರುಗಿ ಬಂದರೆ, "ಬರಲಿಲ್ಲೇನು? ಹೋಗಲಿ ಬಿಡು" ಎಂದು ಮತ್ತೆ ಲೆಕ್ಕಕ್ಕೆ ಕೂರುತ್ತಿದ್ದ. ಯಾಕೆ ಬರಲಿಲ್ಲ, ಹೇಗಿದ್ದಾಳೆ ಎಂದು ಕೇಳಲಿಲ್ಲ. ಒಳಗೊಳಗೇ ಸಿಟ್ಟು: ಕಾರು ಕಳಿಸಿದರೂ ಬಾರದಷ್ಟು ಸೊಕ್ಕೇ?

ಒಂದು ವರ್ಷ ಡ್ರೈವರ್ ಕೈಕಟ್ಟಿ ನಿಂತ. "ಧಣ್ಯಾರ, ಈ ಸಲ ರಜಾ ಬೇಕ್ರಿ. ತಂಗೀನ್ನ ಕರಿಯಾಕ ಹೋಗಬೇಕು."

"ಬಸ್ಸಿಗೆ ಬಾ ಅನ್ನು."

"ಹಂಗ ಬರೂದಿಲ್ರಿ ಆಕಿ. ಅಣ್ಣ ಹೋಗಬೇಕು."

ಸಾಹುಕಾರ ಗೊಣಗುತ್ತಲೇ ತಾನೇ ಕಾರು ಹತ್ತಿದ. ಬುದ್ಧಿ ಬಂದು ಹೋದನೆಂದು ತಿಳಿಯಬೇಡಿ. ಡ್ರೈವರ್ ಸಿಗದೆ ಹೋದ.

ಅಲ್ಲಿ ತನ್ನ ಮನೆಯ ಕಟ್ಟೆಯ ಮೇಲೆ ಬಟ್ಟೆಯ ಗಂಟು ತೊಡೆಯಲ್ಲಿಟ್ಟುಕೊಂಡು ಅಕ್ಕ ಕೂತಿದ್ದಳು. ಇವನು ಹತ್ತಿರ ಹೋಗಿ, "ಅಕ್ಕಾ" ಎಂದ.

"ಯಾರು, ಡ್ರೈವರಪ್ಪನೇನು? ಬಾ, ಕುಂದರು. ಉಂಡು ಹೋಗು. ನಮ್ಮ ತಮ್ಮ ಈ ಸಲಾನೂ ಬರಲಿಲ್ಲೇಳು."

ಸಾಹುಕಾರ ಅವಳ ಮುಂದೆ ಬಗ್ಗಿದ. "ಅಕ್ಕಾ, ನಾನೇ ಬಂದೇನಿ."

"ಮುದುಕಿ ಕೂಡ ಚ್ಯಾಷ್ಟಿ ಮಾಡಬ್ಯಾಡೋ ಯಪ್ಪಾ. ಕಣ್ಣು ಹೋಗ್ಯಾವು, ಬುದ್ಧಿ ಹೋಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವಳ ಸೊಸೆ ಮೆಲ್ಲಗೆ ಹೇಳಿದಳು: "ಮಾವಾರ, ಪ್ರತಿ ವರ್ಷ ಹಿಂಗ ಗಂಟು ಕಟಗೊಂಡು ಕುಂದರತಾರ. ಕಣ್ಣು ಇದ್ದಾಗ ಕಾರು ಬಂದಕೂಡ್ಲೆ ಬಗ್ಗಿ ಒಳಗ ನೋಡತಿದ್ರು. ನೀವು ಕಾಣದಿದ್ರ, ತಲಿ ನೋವು, ಬರೂದಿಲ್ಲ ಅಂತ ಹೇಳಸತಿದ್ರು. ಕಣ್ಣು ಹೋದದ್ದು ನಿಮಗ ತಿಳಸಬ್ಯಾಡ, ಕೆಲಸ ಬಿಟ್ಟು ಗಾಬರಿ ಆಗತಾನ ಅಂದ್ರು."

ಹೇಳಿ, ಆ ತಮ್ಮ ತಾನು ತಮ್ಮನೆಂದು ಹೇಗೆ ಸಾಬೀತು ಮಾಡಬೇಕು? ಕೈಯ ಉಂಗುರ ತೋರಿಸಬೇಕೇ? ಅವಳಿಗೆ ಕಣ್ಣಿಲ್ಲ. ನೆಲದ ಮೇಲೆ ಕೂತು ಅವಳ ಮೊಣಕಾಲು ಹಿಡಿದ.

"ಪಂಚಮ್ಯಾಗ ನಾಗಪ್ಪನ ಎಡಿಗಿ ಮಾಡಿದ್ದ ಶೇಂಗಾ ಉಂಡಿ ಕದ್ದು ಕಣಜದ ಹಿಂದ ತಿಂದಿದ್ವಿ. ದೊಡ್ಡ ಹೋಳು ನನಗ ಕೊಟ್ಟಿದ್ದಿ. ಅವ್ವಗ ಬೆಕ್ಕು ತಿಂತು ಅಂದಿ..."

ಅಕ್ಕ ಅವನ ಮಾತು ಮುಗಿಯಗೊಡಲಿಲ್ಲ. "ಬೆಕ್ಕು ಡಬ್ಬಿ ಮುಚ್ಚಳಾ ತಗದು, ತಿಂದು, ಮತ್ತ ಮುಚ್ಚೂ ಹೋತೇನು ಅಂತ ಕೇಳಿದ್ಲು ಅವ್ವ!" ಎಂದು ನಕ್ಕಳು. ನಗುತ್ತಲೇ ಎರಡೂ ಕೈಯಿಂದ ಅವನ ಮುಖ ತಡವಿದಳು. ಹಣೆ, ಕೆನ್ನೆ, ಬಾಯಿಯ ಸುತ್ತ.

"ಮಾರಿ ಎಲ್ಲಾ ಸುಕ್ಕಾತಲ್ಲೋ ತಮ್ಮಾ. ನಾ ನೋಡೂವಾಗ ಯಾಕ ಬರಲಿಲ್ಲ?"

ಅಕ್ಕ ಕಾರು ಹತ್ತಿದಳು, ತಮ್ಮನ ಮನೆಗೂ ಬಂದಳು.

ಅಕ್ಕನ ಆ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇದೆಯೇ? ಕೆಲಸವಿತ್ತು ಅನ್ನುತ್ತೀರಿ. ಇತ್ತು, ಒಪ್ಪಿದೆ. ಕೋಳಿ ಕೂಗುವ ಮೊದಲೇ ಎದ್ದು, ಮಕ್ಕಳು ಮಲಗಿದ ಮೇಲೆ ಮನೆ ಸೇರುವವರು ನೀವು. ಸಂಸಾರ ನಡೆಸುವುದು ಸುಲಭವಲ್ಲ. ಆದರೆ ಬಾಲ್ಯದ ಸವಿಮಾತನ್ನು ಊರಿಗೆಲ್ಲ ಹೇಳುವಷ್ಟು ಬಿಡುವು ಇದೆಯಲ್ಲ, ಆ ಬಿಡುವಿನಲ್ಲೇ ಒಂದು ಬಸ್ಸು ಹತ್ತಿ. ಸೀರೆ ಇಲ್ಲದಿದ್ದರೆ ಬೇಡ. ದುಡ್ಡು ಕಳಿಸಿ ಮುಗಿಸಬೇಡಿ, ಮಗನನ್ನು ಕಳಿಸಿ ಮುಗಿಸಬೇಡಿ. ಅಣ್ಣನ ಜೊತೆ ಮಾತು ಬಿಟ್ಟವರು ನೀವೇ ಮೊದಲು ಬಾಗಿಲು ತಟ್ಟಿ. ಕರೆಯಲು ನೀವೇ ಹೋಗಿ, ಅವರು ನಿಮ್ಮನ್ನು ಕಣ್ತುಂಬ ನೋಡಲಿ.