ಯಾರೂ ಸಾಯದ ಯುದ್ಧ

ಅಣ್ಣಿಗೇರಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಗೌರೀಶನ ಪಕ್ಕದಲ್ಲೇ ಇಬ್ಬರು ವಯಸ್ಸಾದ ಹೆಂಗಸರು ಕೂತಿದ್ದರು. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡಿದ್ದ ನೀಲವ್ವನಿಗೆ ಅವಳ ನೆಗೆಣ್ಣಿ ಸುಶೀಲವ್ವ ದಪ್ಪನೆಯ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದಳು. ಕತೆಯಲ್ಲಿ ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದ್ದರು.

“ಸೇನಾಪತಿ ಎಲ್ಲಿ ಹೋದ?” ಎಂದಳು ನೀಲವ್ವ.

“ತಂಗಿ ಊರಿಗೆ ಹೋದ.”

“ಯುದ್ಧ ಬಿಟ್ಟು?”

“ಹೂಂ. ಕರಿಯಾಕ ಬಂದಿದ್ರು.”

“ನಿನ್ನೆ ಮಾವುತ ಊರಿಗೆ ಹೋದ ಅಂದಿ. ಮೊನ್ನೆ ರಾಜನ ಮೈದುನ ಹೋದ. ಹಿಂಗಾದ್ರ ಕೋಟಿ ಕಾಯಾವ್ರು ಯಾರು?”

ಗೌರೀಶ ಮೆಲ್ಲಗೆ ಬಗ್ಗಿ ಪುಟ ನೋಡಿದ. ಸೇನಾಪತಿಯ ಎದೆಗೆ ಗುಂಡು ಬಿದ್ದಿತ್ತು. ಸುಶೀಲವ್ವ ಅವನನ್ನು ಕಣ್ಣಲ್ಲೇ ಗದರಿದಳು.

“ಖರೇ ಹೇಳ. ಸತ್ತನೇನ?” ಎಂದಳು ನೀಲವ್ವ.

“ಅಕ್ಕಾ, ಅಳಬಾರ್ದು ಅಂತ ಡಾಕ್ಟರ್ ಹೇಳ್ಯಾರ. ಕಣ್ಣಿಗೆ ಛಲೋ ಅಲ್ಲ.”

“ನಾ ಅಳೂದಿಲ್ಲ. ಇದ್ದದ್ದು ಇದ್ದಂಗ ಓದ.”

ಸುಶೀಲವ್ವ ಓದಿದಳು. ಸೇನಾಪತಿ ಹೆಂಡತಿಯ ಹೆಸರು ಕೂಗುತ್ತ ಕೋಟೆ ಬಾಗಿಲಲ್ಲಿ ಬಿದ್ದ. ಅಷ್ಟು ಓದುವಷ್ಟರಲ್ಲಿ ಸುಶೀಲವ್ವ ಸೆರಗು ಮೂಗಿಗೆ ಹಿಡಿದು ಬಿಕ್ಕತೊಡಗಿದಳು.

ಶಲವಡಿ ಬಸ್ಸು ಬಂತು. ನೀಲವ್ವ ತಡಕಾಡಿ ನೆಗೆಣ್ಣಿಯ ಕೈ ಹಿಡಿದು ಎಬ್ಬಿಸಿದಳು.

“ಆಪರೇಷನ್ ಆಗಿದ್ದು ನನಗ, ಅಳಾಕತ್ತಾಕಿ ನೀ! ನಡಿ, ಮುಂದಿಂದು ಬಸ್ಸಿನ್ಯಾಗ ಓದೂಣು. ಅವನ ಹೆಂಡತಿ ಈಗರ ಕತ್ತಿ ಹಿಡೀಲಿಲ್ಲಂದ್ರ ನನಗ ಈ ಪುಸ್ತಕನ ಬ್ಯಾಡ.”